ರ‍್ಯಾಮ್ ಪಟ್ಟಿಗೆ ಇಟ್ಟ ಕುಂಕುಮ

ಚಂದ್ರಾ ಲೇಔಟ್
ಶನಿವಾರ

ಕಂಪ್ಯೂಟರ್ ಅಂಗಡಿಯ ಶಿವಯೋಗಿಯವರಿಗೆ ವಿಮಲಮ್ಮನ ನಮಸ್ಕಾರಗಳು.

ಇವತ್ತು ಸಂಕಷ್ಟಿ, ಉಪವಾಸ. ಬಾಗಿಲು ಸಾರಿಸಿ, ರಂಗೋಲಿ ಹಾಕಿ, ದೀಪ ಹಚ್ಚಿ ಬರೆಯಲು ಕೂತಿದ್ದೇನೆ.

ಮದುವೆ ಫೋಟೋ ತಿದ್ದುವಾಗ ನಮ್ಮ ಹಳೇ ಕಂಪ್ಯೂಟರ್ ನಿಂತುಹೋಗುತ್ತದೆಂದು ಮಗಳು ಕೀರ್ತನಾ ನಿಮ್ಮಲ್ಲಿ ಮೆಮೊರಿ ಹೆಚ್ಚಿಸುವ ರ‍್ಯಾಮ್ ಪಟ್ಟಿ ಕೊಂಡಳು. ಹಾಕಿದರೆ ಬರೀ ಕೀಂ ಕೀಂ ಅಂದಿತು, ಶುರುವಾಗಲಿಲ್ಲ. ನಿನ್ನೆ ಅವಳು ಪಟ್ಟಿ ವಾಪಸ್ ತಂದು, "ಕೆಟ್ಟಿರೋದನ್ನ ಕೊಟ್ಟಿದೀರ" ಎಂದು ಕೂಗಾಡಿದಳಂತೆ. ನೀವು ಕೌಂಟರಿನ ಸುವರ್ಣಾಗೆ, "ನೀನೇ ಬೀಳ್ಸಿರ್ತೀಯ, ಸೋಮವಾರದಿಂದ ಬರ್ಬೇಡ" ಅಂದಿರಂತೆ.

ಆ ಹುಡುಗಿ ಏನೂ ಬೀಳಿಸಿಲ್ಲ. ಮನೆಗೆ ಹೊಸದೇನು ಬಂದರೂ ದೇವರ ಮುಂದಿಟ್ಟು ಕುಂಕುಮ ಹಚ್ಚುವುದು ನಮ್ಮ ಪದ್ಧತಿ. ಕೀರ್ತನಾ ಸ್ನಾನಕ್ಕೆ ಹೋಗಿದ್ದಾಗ ಆ ಪಟ್ಟಿಯ ಚಿನ್ನದ ಬಣ್ಣದ ಹಲ್ಲುಗಳ ಮೇಲೆ ನಾನೇ ಒದ್ದೆ ಕುಂಕುಮ ಇಟ್ಟು, ಆಮೇಲೆ ಸೆರಗಿನಲ್ಲಿ ಒರೆಸಿದೆ. "ಮುಟ್ಬೇಡಮ್ಮ" ಅಂದಿದ್ದಳು, ಅದಕ್ಕೇ ಬಾಯಿ ಬಿಡಲಿಲ್ಲ. ಬೆಳಕಿಗೆ ಹಿಡಿದು ನೋಡಿ, ಸಂದಿಯಲ್ಲಿ ಇನ್ನೂ ಕೆಂಪಿರಬಹುದು.

ಮಗಳಿಗೆ ಇವತ್ತೇ ಹೇಳುತ್ತೇನೆ. ಬೈಗುಳವೇನಿದ್ದರೂ ನನಗಿರಲಿ.

ಈ ಕಾಗದ ಇವತ್ತೇ ನಿಮ್ಮ ಕೈ ಸೇರುವಂತೆ ಕಳಿಸುತ್ತಿದ್ದೇನೆ. ಪಕ್ಕದ ಮನೆಯ ದಾನಮ್ಮ ಸೋಮವಾರ ನಿಮ್ಮ ಅಂಗಡಿ ಕಡೆ ಮಾರ್ಕೆಟ್ಟಿಗೆ ಬರುತ್ತಾರೆ. ನಿಮ್ಮ ಉತ್ತರವನ್ನು ಕೌಂಟರಿನಲ್ಲಿ ಸುವರ್ಣಾಳ ಕೈಯಿಂದಲೇ ಅವರಿಗೆ ಕೊಡಿಸಿ.

ಇತಿ,
ಕೀರ್ತನಾಳ ತಾಯಿ
ವಿಮಲಮ್ಮ