ಯದುಗಿರಿ ಕಲಿತ ಅರಬ್ಬಿ ಹಾಡು

ಮಂಡ್ಯ
೧೪ ಆಗಸ್ಟ್ ೧೯೩೬

ದೂರದ ಆಲ್ಜೀರ್ಸ್ ಪಟ್ಟಣದಲ್ಲಿರುವ ತಮ್ಮ ಯೋಗನಿಗೆ, ನಿನ್ನಕ್ಕನ ಆಶೀರ್ವಾದ.

ರೇಷ್ಮೆ ಅಂಗಡಿಯ ನಿಮ್ಮ ಸಿಂಧಿ ಯಜಮಾನರು ಈ ವರ್ಷವೂ ರಜಾ ಕೊಡಲಿಲ್ಲವೆಂದು ತಿಳಿಯಿತು. ನೀನು ಕಳಿಸಿದ ಗ್ರಾಮಾಫೋನ್ ಪ್ಲೇಟು ನನ್ನ ಮಗಳು ಯದುಗಿರಿಗೆ ಹಿಡಿಸಿತೇ ಎಂದು ಕೇಳಿದ್ದೀಯ. ಹಿಡಿಸಿತು. ಅದನ್ನೇ ಬರೆಯಬೇಕಾಗಿದೆ.

ಮದುವೆಯಾದ ವರ್ಷವೇ ಗಂಡನನ್ನು ಕಳೆದುಕೊಂಡ ಮೇಲೆ ಯದುಗಿರಿ ಹಾಡಿದ್ದನ್ನು ನಾನು ಕೇಳಿರಲಿಲ್ಲ. ದೇವರನಾಮಕ್ಕೆ ಯಾರ ಅಡ್ಡಿಯೂ ಇರಲಿಲ್ಲ, ಅವಳಿಗೇ ಬೇಡವಾಗಿತ್ತು. ಈ ಪ್ಲೇಟು ಬಂದ ಮೇಲೆ ಅಡಿಗೆಮನೆಯಲ್ಲೂ ಬಾವಿಕಟ್ಟೆಯಲ್ಲೂ ಅದೇ ಹಾಡು. ಅರಬ್ಬಿಯ ಒಂದಕ್ಷರ ಬಾರದಿದ್ದರೂ ಪೂರ್ತಿ ಕಲಿತಳು. ಅರ್ಥ ನಿನ್ನ ಕಾಗದದಿಂದ ನಮ್ಮಿಬ್ಬರಿಗೂ ಗೊತ್ತಿತ್ತು: ಊರು ಬಿಟ್ಟುಹೋದ ನಲ್ಲೆಗೆ ಪಾರಿವಾಳದ ಕೈಲಿ ಹೇಳಿಕಳಿಸುವವನ ಅಳಲು. ಪಾತ್ರೆ ತಿಕ್ಕುವ ಮಾಯಮ್ಮ, "ಅದೇನ್ ಪದವೋ ಕಾಣೆ ಕಣವ್ವ, ಒಟ್ಟೆ ಒಳ್ಗೆ ಎಂಗೆಂಗೋ ಆಯ್ತದೆ. ನಮ್ಮನೆಯೋನು ಒಂದ್ ದಿನಾನಾರ ಇಂಗೆ ಕೂಗವ್ನಾ!" ಎಂದು ನಕ್ಕಳು. ಪಕ್ಕದ ಮನೆಯ ಗೋದಮ್ಮನವರು, "ಸಾಬರ ದೇವರನಾಮ ಇರಬೇಕು ಕಣೆ ಪಂಕಜ, ಎಷ್ಟು ಭಕ್ತಿ!" ಎಂದರು. ನಾನು ಹೂಂ ಎಂದೆ. ಪ್ರೇಮದ ಹಾಡೆಂದು ನಾನು ಹೇಳಿಬಿಟ್ಟಿದ್ದರೆ ಆ ಹುಡುಗಿಯ ಬಾಯಿ ಮತ್ತೆ ಮುಚ್ಚಿಹೋಗುತ್ತಿತ್ತು.

ಹೋದ ವಾರ ಅವಳ ಮಾವ ಕಸ್ತೂರಿರಂಗಾಚಾರ್ಯರು ಮಳವಳ್ಳಿಯಿಂದ ಬಂದಿದ್ದರು. ಗೋದಮ್ಮನವರು ಸಡಗರದಿಂದ, "ನಿಮ್ಮ ಸೊಸೆ ಬಾಯಲ್ಲಿ ಆ ದೇವರನಾಮ ಕೇಳಬೇಕು ಆಚಾರ್ಯರೇ, ಕಣ್ಣಲ್ಲಿ ನೀರು ಬರುತ್ತೆ" ಎಂದುಬಿಟ್ಟರು. ಅವಳು ಹಾಡಿದಳು. ಆಚಾರ್ಯರು ಕಣ್ಣು ಮುಚ್ಚಿ ತಲೆದೂಗಿದರು ಯೋಗ, ತೊಡೆಯ ಮೇಲೆ ತಾಳ ಹಾಕಿದರು. ಮುಗಿದ ಮೇಲೆ ಮೃದುವಾಗಿಯೇ, "ಯಾವ ದೇವರ ಮೇಲಿನದಮ್ಮ?" ಎಂದು ಕೇಳಿದರು. ನನ್ನ ನಾಲಿಗೆಯ ಮೇಲೆ ಸುಳ್ಳು ಸಿದ್ಧವಾಗಿತ್ತು. ಅಷ್ಟರಲ್ಲಿ ಅವಳೇ ಹೇಳಿದಳು: "ದೇವರ ಮೇಲಲ್ಲ ಮಾವ. ಒಬ್ಬ ಹೆಣ್ಣಿನ ಮೇಲೆ."

ಅವರು ಗದರಲಿಲ್ಲ. ಎದ್ದು ಹೋಗಿ ಕೈ ತೊಳೆದು ಬಂದರು. "ಕೂದಲು ಉಳಿಸಿದ್ದೇ ನಮ್ಮ ತಪ್ಪು. ನಾಳೆ ಕರೆದುಕೊಂಡು ಹೋಗಿ, ಕೂದಲು ತೆಗೆಸಿ ಮಡಿ ಮಾಡಿಸುತ್ತೇವೆ" ಎಂದರು. ನಿನ್ನ ಭಾವನವರು, "ಅವರ ಮನೆ ಸೊಸೆ, ನಾವೇನು ಹೇಳೋದು" ಎಂದು ಸಕ್ಕರೆ ಕಾರ್ಖಾನೆಯ ಕೆಲಸಕ್ಕೆ ಹೊರಟರು. ಮರುದಿನ ಬೆಳಗಿನ ಬಸ್ಸಿಗೆ ಆಚಾರ್ಯರು ಅವಳನ್ನು ಕರೆದುಕೊಂಡು ಹೋದರು.

ಇಂಗ್ಲಿಷ್ ಶಾಲೆಯಲ್ಲಿ ಓದಿದವಳು ನಾನು. ಇಂಥದ್ದಕ್ಕೆ ಎದುರು ಆಡಬೇಕಾದ ಮಾತೆಲ್ಲ ಗೊತ್ತಿತ್ತು. ಒಂದೂ ಹೊರಡಲಿಲ್ಲ. ಹೆದರಿದೆನೇ? ಅಥವಾ ಅವರು ಹೇಳುವುದೇ ಸರಿಯೆಂದು ನನ್ನೊಳಗೂ ಎಲ್ಲೋ ಇತ್ತೇ?

ಎಲ್ಲ ಮುಗಿಯಿತೆಂದು ನಿನ್ನೆ ಮಳವಳ್ಳಿಯಿಂದ ಹೇಳಿಕಳಿಸಿದರು. ಅವಳು ಯಾರೊಡನೆಯೂ ಮಾತಾಡುತ್ತಿಲ್ಲವಂತೆ. ಇನ್ನು ಪ್ಲೇಟು ಕಳಿಸಬೇಡ, ಕೇಳುವವರಿಲ್ಲ.

ನಿನ್ನ ಕ್ಷೇಮವನ್ನಾದರೂ ಬೇಡಿಕೊಳ್ಳುವ
ಅಕ್ಕ, ಪಂಕಜ

ಮತ್ತೆ: ಅವರು ಕರೆದುಕೊಂಡು ಹೋದರೆಂದು ಮೇಲೆ ಬರೆದಿದ್ದೇನೆ. ಅವರು ಅವಳನ್ನು ಮುಟ್ಟಲೂ ಇಲ್ಲ. ಹೊರಡುವಾಗ ಅವಳು ಬಾಗಿಲ ದಾರಂದ ಹಿಡಿದು ನಿಂತುಬಿಟ್ಟಳು. ಬೀದಿಯವರೆಲ್ಲ ನೋಡುತ್ತಿದ್ದರು. ಆ ಬೆರಳುಗಳನ್ನು ಬಿಡಿಸಿದವಳು ನಾನು.