ಒಪ್ಪು ವೀಳ್ಯದ ಕೆಟ್ಟ ಕಾಯಿ

ಗುಬ್ಬಿ, ಸೋಮವಾರ

ವಾರಗಿತ್ತಿ ಸರ್ವಮಂಗಳಂಗೆ,

ನಮ್ಮ ಮೊಮ್ಮಗಳು ಸಿಂಚನಾ ಮದುವೆ ಗಟ್ಟಿಯಾಯ್ತು ಕಣೇ. ಮೊದ್ಲು ಬಾಯಿಗೆ ಬೆಲ್ಲ ಹಾಕ್ಕೋ, ಆಮೇಲೆ ಬೈತೀನಿ.

ಇಲ್ಲಿ ಹುಡುಗನ ಮನೆಗೆ ಬರೋವಾಗ ಕುಣಿಗಲ್‌ನಲ್ಲೇ ಬಸ್ಸು ಕೆಟ್ಟು ನಿಂತ್ಕೊಂತು. ಬೇರೆ ಬಸ್ಸು ಹತ್ತೋ ಗಡಿಬಿಡೀಲಿ ಹೂವಿನ ಬುಟ್ಟಿ ಅಲ್ಲೇ ಉಳೀತು. ಅದು ಹೋಗ್ಲಿ. ಮಾತು ಗಟ್ಟಿ ಮಾಡೋ ಒಪ್ಪು ವೀಳ್ಯಕ್ಕೆ ಅಂತ ನೀನು ತಟ್ಟಿ ತಟ್ಟಿ ಆರಿಸಿಕೊಟ್ಯಲ್ಲ ಕಾಯಿ, ಅದು ಒಳಗೆಲ್ಲ ಕೊಳೆತಿತ್ತು. ಒಡೆದ ಏಟಿಗೆ ಕಪ್ಪು ನೀರು ಬೀಗರ ಬಿಳೀ ಅಂಗಿ ಮೇಲೆಲ್ಲ ಎಗರ್ತು! ಹುಡುಗನ ಸೋದರತ್ತೆ ಮೂಗು ಮುಚ್ಕೊಂಡು, "ಅಪಶಕುನ, ಈ ಸಂಬಂಧ ಬ್ಯಾಡ" ಅಂದ್ಬುಟ್ಲು. ಸಿಂಚನಾ ಕಣ್ಣಲ್ಲಿ ನೀರು. ನಂಗೋ ಆ ಅಂಗಿ ನೋಡಿ ನಗು ತಡೆಯಕ್ಕಾಗ್ಲಿಲ್ಲ.

"ಅಲ್ಲ ಕಣಮ್ಮಾ, ನೀವೂ ತೋಟದೋರೇ. ಗೊನೇಲಿ ಒಂದು ಕಾಯಿ ಕೆಟ್ರೆ ಮರಾನೇ ಕಡೀತೀರಾ? ಕೆಟ್ಟ ಕಾಯಿ ಒಂದಕ್ಕೇ ಹೆದರೋರಾಗಿದ್ರೆ, ನಿಮ್ಮನ್ನ ನೋಡಿದಾಗ್ಲೇ ನಾವು ಎದ್ದೋಗ್ತಿದ್ವಿ" ಅಂದೆ.

ಬೀಗರು ಹೊಟ್ಟೆ ಹಿಡ್ಕೊಂಡು ನಕ್ರು. ಕೊನೇಗೆ ಸೋದರತ್ತೇನೇ ನಗ್ತಾ ವೀಳ್ಯದ ತಟ್ಟೆ ಎತ್ಕೊಟ್ಲು.

ನನ್ನ ಮಂಡಿನೋವು ಹಂಗೇ ಅದೆ. ಕಾರ್ಡಲ್ಲಿ ಜಾಗ ಮುಗೀತು. ಮದುವೆ ಕಾಯಿ ನಾನೇ ಆರಿಸ್ತೀನಿ, ನೀನು ಬಂದು ಉಂಡ್ರೆ ಸಾಕು.

ನಿಮ್ಮಕ್ಕ