ಏಳು ಭಾಗ, ಒಂದು ಗೆರೆ

ಮಾರ್ಚ್ 4, ಬೆಳಿಗ್ಗೆ 7.20

...ಅಲ್ಲ, ತಪ್ಪಾಯ್ತು, ಮತ್ತೆ ಮೊದಲಿಂದ ಶುರು ಮಾಡ್ತೀನಿ. ಇದು ನಾಲ್ಕನೇ ಸಲ. ಮೂರು ಅಳಿಸಿದೆ. ಟೈಪ್ ಮಾಡೋಣ ಅಂದ್ರೆ ಒಂದಕ್ಷರ ಒತ್ತಿದ್ರೆ ಮೂರು ಬರುತ್ತೆ, ಇಪ್ಪತ್ತೆಂಟು ವರ್ಷ ಟೈರ್ ಬಿಚ್ಚಿದ ಬೆರಳು. ಅದಕ್ಕೇ ಫೋನಿಗೆ ಮಾತಾಡ್ತಿದೀನಿ. ಯಾರಿಗೂ ಕಳಿಸಲ್ಲ.

ವಿಷಯ ಇಷ್ಟೇ. ಜಪಾನಿನ ಗ್ಯಾಂಗ್‌ಗಳ ಹೊಡೆದಾಟದ ವಿಡಿಯೋ ಗೇಮು, ಏಳು ಭಾಗ. ಟೀವಿಗೆ ಹಾಕಿ ನಾನೂ ತಮ್ಮನೂ ಹದಿನೆಂಟು ವರ್ಷದಿಂದ ಆಡ್ತಿದೀವಿ. ಯಾವುದು ಮೇಲು, ಯಾವುದು ಕೀಳು, ಒಂದ್ಸಲ ಕೂತು ತೀರ್ಮಾನ ಆಗಬೇಕು. ನಮ್ಮ ಟೈರ್ ಅಂಗಡೀಲಿ ದಿನಾ ಇದೇ ಜಗಳ. ಗಿರಾಕಿಗಳು ಆಸ್ತಿ ಜಗಳ ಅಂದ್ಕೊಳ್ತಾರೆ.

ಒಂದನೇದು ಹಳೇದು, ಒರಟು. ಕ್ಯಾಮೆರಾ ಗೋಡೆ ನೋಡ್ತಿರುತ್ತೆ, ಅಷ್ಟರಲ್ಲಿ ಹಿಂದಿಂದ ಒಬ್ಬ ಬೆನ್ನಿಗೆ ಇಕ್ಕಿರ್ತಾನೆ. ಆದ್ರೆ ಏಟಿನ ಸದ್ದು ಚೆನ್ನಾಗಿದೆ, ಒದ್ದೆ ಬಟ್ಟೆ ಕಲ್ಲಿಗೆ ಒಗೆದ ಹಾಗೆ. ಅದರ ಹೀರೋಗೆ ನಾವಿಟ್ಟ ಹೆಸರು ಕಲ್ಲುಗುಂಡು. ಮುಖದಲ್ಲಿ ನಗು ಇಲ್ಲ, ಅಳು ಇಲ್ಲ.

ಎರಡನೇದು ರಾಜ. ಸೈಕಲ್ ಎತ್ತಿ ಒಬ್ಬನ ತಲೆ ಮೇಲೆ ಬಡೀಬಹುದು, ಸೈಕಲ್ ಮಡಚಿಹೋಗುತ್ತೆ. ಆಮೇಲೆ ಆ ಮನುಷ್ಯ ಎದ್ದು ಮಂಡಿಯೂರಿ ಕೈಮುಗೀತಾನೆ. ಒಂದು ಹಲ್ಲೂ ಉದುರಿರಲ್ಲ. ಇಷ್ಟು ವರ್ಷ ಅದು ವಿಚಿತ್ರ ಅನ್ನಿಸಿರಲಿಲ್ಲ.

ಮೂರನೇದು ಜಿಪುಣ. ಯಾರಿಗೆ ಹೊಡೆದ್ರೂ ಮೊಣಕೈ ಅಡ್ಡ ಹಿಡೀತಾರೆ. ತಮ್ಮ ಅಂತಿದ್ದ, "ಇದು ಗೂಂಡಾಗಳ ಆಟ ಅಲ್ಲಣ್ಣ, ಬಾಗಿಲು ತಟ್ಟೋ ಆಟ."

ಈಗ ಅವನು ಏನೂ ಅನ್ನಲ್ಲ. ದವಡೆ ಎರಡು ಕಡೆ ಮುರಿದಿದೆ. ಮೇಲಿನ ಹಲ್ಲಿಗೂ ಕೆಳಗಿನ ಹಲ್ಲಿಗೂ ತಂತಿ ಬಿಗಿದಿದಾರೆ. ಸ್ಲೇಟಲ್ಲಿ ಬರೀತಾನೆ. ಎಡಗಣ್ಣಿಗೆ ಬ್ಯಾಂಡೇಜು... ಉಳಿಯುತ್ತೋ ಇಲ್ವೋ, ಡಾಕ್ಟರ್ ಇನ್ನೂ ಬಾಯಿ ಬಿಟ್ಟಿಲ್ಲ. ಆಸ್ಪತ್ರೆಗೆ ಹೊತ್ತಾಯ್ತು.

ಮಾರ್ಚ್ 5, ಮಧ್ಯಾಹ್ನ 1.15

ಅಂಗಡಿ ಶಟರ್ ಅರ್ಧ ಎತ್ತಿ ಒಳಗೆ ಕೂತಿದೀನಿ. ನೆಲದ ರಕ್ತಕ್ಕೆ ಡೀಸೆಲ್ ಸುರಿದು ಎರಡು ಸಲ ಉಜ್ಜಿದೆ. ಗ್ರೀಸ್ ಹೋಯ್ತು. ಅದು ಹೋಗಲಿಲ್ಲ. ಸಿಮೆಂಟ್ ಕುಡಿದುಬಿಟ್ಟಿದೆ.

ನಾಲ್ಕನೇ ಭಾಗದಲ್ಲಿ ಇಬ್ಬರು ಹೀರೋಗಳು. ಬಂದರಿನ ಗೋದಾಮಲ್ಲಿ ನಲವತ್ತು ಜನ ಸುತ್ತುಗಟ್ತಾರೆ, ಕಬ್ಬಿಣದ ಪೈಪು, ಚಾಕು, ಒಬ್ಬನ ಕೈಲಿ ಮೀನು ಎತ್ತೋ ಕೊಕ್ಕೆ. ನಮ್ಮದೊಂದು ನಿಯಮ ಇದೆ. ಯಾವ ಭಾಗದ್ದೇ ಆಗ್ಲಿ, ಕೊನೇ ಫೈಟ್ ಒಬ್ಬನೇ ಆಡಬಾರದು. ಒಬ್ಬ ಬಿದ್ದ ಅಂದ್ರೆ ಕಂಟ್ರೋಲರ್ ಇನ್ನೊಬ್ಬನ ಕೈಗೆ. ಹದಿನೆಂಟು ವರ್ಷ ಮುರಿದಿಲ್ಲ. ಏಳನೇದರ ಕೊನೇ ಫೈಟ್ ಈಗ್ಲೂ ಹಾಗೇ ನಿಂತಿದೆ, ಭಾನುವಾರಕ್ಕೆ ಅಂತ ಇಟ್ಕೊಂಡಿದ್ವಿ.

ಐದನೇದು ಉದ್ದ. ಹೊಡೆದಾಟಕ್ಕಿಂತ ಓಡಾಟ ಜಾಸ್ತಿ. ತಮ್ಮನ ಹೆಂಡತಿ ಒಂದಿನ ನೋಡಿ, "ಭಾವ, ಇವನು ರೌಡಿನೋ ಕೊರಿಯರ್‌ನವನೋ?" ಅಂದಿದ್ಳು.

ಈಗ ಅವಳೇ ಫೋನ್ ಮಾಡಿದ್ಳು. "ಭಾವ, ಇವರು ಸ್ಲೇಟಲ್ಲಿ ಬರೆದಿದಾರೆ. ಅಣ್ಣ ಮಾತ್ರೆ ತಗೊಂಡ್ನಾ ಅಂತೆ."

ನನ್ನ ಎದೇಲಿ ಸ್ಟೆಂಟ್ ಇದೆ, ಎರಡು ವರ್ಷ ಆಯ್ತು. ಆವತ್ತಿಂದ ಲಾರಿ ಟೈರ್ ಮುಟ್ಟೋಕೆ ಬಿಡಲ್ಲ ಅವನು. ತಗೊಂಡೆ ಅಂದೆ. ತಗೊಂಡಿರಲಿಲ್ಲ.

ಮಾರ್ಚ್ 6, ಸಂಜೆ 4.40

ಆರನೇದು. ಇಲ್ಲಿಗೆ ಬಂದಾಗಲೇ ನಾನು ಅಳಿಸೋದು.

ಈ ಭಾಗದಲ್ಲಿ ಹೊಡೆದಾಟ ಸರದಿ ಪ್ರಕಾರ. ನೀನೊಂದು ಏಟು ಕೊಡು, ಆಮೇಲೆ ಅವನು ಕೊಡೋ ತನಕ ನಿಂತ್ಕೋ. ಒದೆ, ಗುದ್ದು, ಕುರ್ಚಿ... ಹೋಟೆಲ್ ಮೆನು ತರ ಪಟ್ಟಿ ಬರುತ್ತೆ, ಆರಿಸ್ಕೋಬೇಕು. ತಮ್ಮನಿಗೆ ಇದು ಅಂದ್ರೆ ಪ್ರಾಣ. ನನಗೆ ಮೈ ಉರಿಯುತ್ತೆ.

"ಬೀದೀಲಿ ಹೊಡೆಯೋಕೆ ಬಂದೋರು ಕ್ಯೂ ನಿಲ್ತಾರೇನೋ?"

"ಯೋಚನೆ ಮಾಡೋಕೆ ಟೈಮ್ ಸಿಗುತ್ತಲ್ಲಣ್ಣ. ನಿನಗೆ ಅದೇ ಕಷ್ಟ."

ಫೆಬ್ರವರಿ 27. ಅಂಗಡೀಲಿ ಇದೇ ಜಗಳ ನಡೀತಿತ್ತು. ಜಾಕ್ ಮೇಲೆ ಬಿಳಿ ಕಾರು... ಅದು ಆಮೇಲೆ ಹೇಳ್ತೀನಿ.

ಕಾರು ಹೋಗಿ ಎರಡು ಗಂಟೆ ಆಗಿರಬೇಕು, ಮೂರು ಜನ ಟೆಂಪೋದಲ್ಲಿ ಬಂದ್ರು. ಕಾರಿನವನು, ಅವನ ಭಾಮೈದ, ಇನ್ನೊಬ್ಬ ದಪ್ಪಗಿರೋನು. ಒಂದು ಚಕ್ರ ಇಳಿಸಿ ನಮ್ಮ ಮುಂದೆ ಎಸೆದ್ರು. ತಿರುವಲ್ಲಿ ಕಳಚ್ಕೊಂಡಿತ್ತು.

"ಇದನ್ನ ಹಾಕಿದ್ದು ಯಾವನು? ನಮ್ಮಮ್ಮನ ಕೈ ಮುರಿದಿದೆ."

ತಮ್ಮ ಬಗ್ಗಿ ಚಕ್ರ ಮುಟ್ಟಿ ನೋಡಿದ. ಎದ್ದ. "ನಾನು" ಅಂದ.

ಮೊದಲು ಕಾರಿನವನು. ಬಾಯಿಗೆ ಗುದ್ದಿದ. ತುಟಿ ಸೀಳಿ ರಕ್ತ ಗಲ್ಲಕ್ಕೆ ಇಳೀತು. ಆಮೇಲೆ ಭಾಮೈದ. ನಮ್ಮದೇ ವೀಲ್ ಸ್ಪ್ಯಾನರ್ ನೆಲದಿಂದ ಎತ್ಕೊಂಡು ಬೀಸಿದ. ದವಡೆ ಮುರಿದ ಸದ್ದು ಯಾವ ಭಾಗದಲ್ಲೂ ಇಲ್ಲ. ಸಣ್ಣ ಸದ್ದು. ಬಿಸ್ಕತ್ ಮುರಿದಷ್ಟು. ಆಮೇಲೆ ದಪ್ಪಗಿರೋನು, ಬಿದ್ದವನ ಮುಖಕ್ಕೆ ಶೂ ಕಾಲಲ್ಲಿ ಒದ್ದ. ಎರಡು ಸಲ. ಮತ್ತೆ ಕಾರಿನವನು.

ಒಬ್ಬರಾದ ಮೇಲೆ ಒಬ್ಬರು. ಸರದಿ ಪ್ರಕಾರ.

ನಾನು ಕಂಪ್ರೆಸರ್ ಪಕ್ಕ. ಟೈರ್ ಬಿಚ್ಚೋ ಲಿವರ್ ಕೈಲಿತ್ತು, ಎರಡಡಿ ಕಬ್ಬಿಣ. ಐದು ಹೆಜ್ಜೆ ದೂರ. ಆಟದಲ್ಲಿ ಎಷ್ಟು ಸಾವಿರ ಜನರನ್ನ ಕೆಡವಿದೀನೋ... ನಿಂತೇ ಇದ್ದೆ. ಸ್ಟೆಂಟ್ ಇತ್ತಲ್ಲ ಅಂತಾರೆ ಎಲ್ಲ. ಕಾಲಲ್ಲಿ ಸ್ಟೆಂಟ್ ಇರಲಿಲ್ಲ.

ಮಾರ್ಚ್ 9, ಬೆಳಿಗ್ಗೆ 11.30

ಲಿವರ್ ಗೋಣಿಚೀಲದಲ್ಲಿ ಸುತ್ಕೊಂಡು ಹೋಗಿದ್ದೆ. ಬಿಳಿ ಕಾರಿನವನ ಮನೆಗೆ. ಮೂರೂ ಜನರನ್ನ ಪೊಲೀಸರು ಜಾಮೀನಲ್ಲಿ ಬಿಟ್ಟಿದಾರೆ.

ದಾರಿಯಲ್ಲಿ ಎಲ್ಲ ಲೆಕ್ಕ ಹಾಕ್ಕೊಂಡೆ. ಎರಡನೇ ಭಾಗದ ಹಾಗೆ, ಮೊದಲು ಮಂಡಿಗೆ, ಬಗ್ಗಿದ ಕೂಡ್ಲೇ ಕತ್ತಿನ ಹಿಂದೆ. ಅವನ ದವಡೆನೂ ಬಿಸ್ಕತ್ ತರ ಮುರೀಬೇಕು. ಬಾಯಲ್ಲಿ ನೀರು ಬರ್ತಿತ್ತು, ನಿಜ ಹೇಳ್ತೀನಿ.

ಬಾಗಿಲು ತೆರೆದೇ ಇತ್ತು. ಅವನು ತಾಯಿಗೆ ಚಮಚದಲ್ಲಿ ಗಂಜಿ ಕುಡಿಸ್ತಿದ್ದ. ಅವಳ ಬಲಗೈ ಭುಜದ ತನಕ ಪ್ಲಾಸ್ಟರ್. ನನ್ನ ಚೀಲ ನೋಡಿ ಚಮಚ ಇಟ್ಟ, ಎದ್ದು ಹೊರಗೆ ಬಂದ. ಹೆದರಿರಲಿಲ್ಲ.

"ಹೊಡಿ ಬಾ. ಅಮ್ಮನ ಎದುರಿಗೆ ಬೇಡ, ಇಲ್ಲೇ ಹೊಡಿ. ಆದ್ರೆ ಒಂದು ಹೇಳು, ಚಕ್ರ ಹಾಕಿದ್ದು ನಿನ್ನ ತಮ್ಮನೇ ತಾನೆ?"

ಲಿವರ್ ಎತ್ತಿದೆ. ಭುಜದ ತನಕ ಬಂತು. ಅವನು ಕಣ್ಣು ಮುಚ್ಚಲಿಲ್ಲ.

ಇಳಿಸಿದೆ. ಮನೆಗೆ ಬಂದೆ. ಎರಡನೇ ಭಾಗ ಹಾಕಿ ಒಂದು ಬೀದಿ ತುಂಬ ಜನರನ್ನ ಚಚ್ಚಿದೆ. ಎಲ್ಲ ಎದ್ದು ಕೈಮುಗಿದ್ರು. ಟೀವಿ ಆರಿಸಿದೆ.

ಮಾರ್ಚ್ 10, ಬೆಳಿಗ್ಗೆ 6.50

ಈಗ ಹೇಳ್ತೀನಿ. ಅಳಿಸಲ್ಲ.

ಚಕ್ರ ಹಾಕೋದು ಹೇಗೆ ಅಂದ್ರೆ, ಕಾರು ಜಾಕ್ ಮೇಲಿರುವಾಗ ನಟ್ ಹಗುರಕ್ಕೆ ಬಿಗೀಬೇಕು. ಇಳಿಸಿ, ಟೈರ್ ನೆಲಕ್ಕೆ ಕೂತ ಮೇಲೆ ಸ್ಪ್ಯಾನರ್ ಹಾಕಿ ಮೈಭಾರ ಕೊಟ್ಟು ಬಿಗೀಬೇಕು. ಅದೇ ಕೊನೇ ಬಿಗಿತ. ಅದಾದ ಮೇಲೆ ಟೈರ್ ಮೇಲೆ ಸೀಮೆಸುಣ್ಣದ ಗೆರೆ. ಯಾರು ಬಿಗಿದ್ರು ಅಂತ ಗೊತ್ತಾಗ್ಲಿ ಅಂತ ಅಪ್ಪ ಮಾಡಿದ ಪದ್ಧತಿ. ನಂದು ಒಂದು ಗೆರೆ. ತಮ್ಮಂದು ಎರಡು.

ಆವತ್ತು ಆರನೇ ಭಾಗದ ಜಗಳ ಜೋರಾಗಿತ್ತು. ಜಾಕ್ ಇಳಿಸಿದೆ. ಸ್ಪ್ಯಾನರ್ ಕೈಲಿತ್ತು. ಅದನ್ನೇ ಗಾಳೀಲಿ ಬೀಸಿ ತೋರಿಸ್ದೆ, "ಹೀಗೆ ಹೊಡೀಬೇಕು, ಸರದಿ ಕಾಯ್ತಾ ಕೂರೋದಲ್ಲ" ಅಂತ. ಇಬ್ಬರೂ ನಕ್ವಿ. ಸ್ಪ್ಯಾನರ್ ಕೆಳಗಿಟ್ಟು ಗೆರೆ ಎಳೆದೆ. ಒಂದು ಗೆರೆ. ಬಿಗಿದಿರಲಿಲ್ಲ.

ಅವರು ತಂದು ಎಸೆದ ಚಕ್ರದ ಮೇಲೆ ಗೆರೆ ಹಾಗೇ ಇತ್ತು. ತಮ್ಮ ಬಗ್ಗಿ ಮುಟ್ಟಿದ ಅಂದೆನಲ್ಲ... ಮುಟ್ಟಿದ್ದಲ್ಲ. ಅಂಗೈಯಲ್ಲಿ ಒರೆಸಿದ. ಒರೆಸಿ ಎದ್ದು "ನಾನು" ಅಂದ. ನನ್ನ ಕಡೆ ನೋಡ್ಲೂ ಇಲ್ಲ.

ಮಾರ್ಚ್ 12, ಬೆಳಿಗ್ಗೆ 10.50

ಆಸ್ಪತ್ರೆ ಮೆಟ್ಟಿಲ ಹತ್ರ ನಿಂತಿದೀನಿ. ಎಡಗಣ್ಣು ಹೋಯ್ತು. ಬೆಳಿಗ್ಗೆ ಹೇಳಿದ್ರು.

ತಮ್ಮ ಸ್ಲೇಟಲ್ಲಿ ಬರೆದ, "ಏಳನೇದು ಒಬ್ಬನೇ ಮುಗಿಸಿದ್ಯಾ?" ಇಲ್ಲ ಅಂದೆ. "ಒಂದು ಕಣ್ಣಲ್ಲೂ ನಿನಗಿಂತ ಚೆನ್ನಾಗಿ ಆಡ್ತೀನಿ" ಅಂತ ಬರೆದ. ತಂತಿ ಹಿಂದೆ ನಗೋಕೆ ಹೋಗಿ ನೋವಾಯ್ತು ಅವನಿಗೆ.

ಇನ್ಸ್‌ಪೆಕ್ಟರ್ ಒಳಗಿದಾರೆ, ಹೇಳಿಕೆ ಬರೆಸ್ಕೊಳ್ತಿದಾರೆ. ಹೊಡೆದ ಮೂವರ ಮೇಲೆ ಒಂದು ಕೇಸು, ಆ ತಾಯಿಯ ಕೈ ಮುರಿದಿದ್ದಕ್ಕೆ ಇನ್ನೊಂದು. ಚಕ್ರ ಹಾಕಿದ್ದು ತಾನೇ ಅಂತ ತಮ್ಮ ಸಹಿ ಮಾಡಿದ್ರೆ ಆ ಕೇಸು ಅವನ ತಲೆಗೆ. ಕಣ್ಣೂ ಹೋಗಿ, ಜೈಲೂ...

ಏಳೂ ಭಾಗದಲ್ಲಿ ಯಾವುದು ಮೇಲು ಅಂತ ಹೇಳೋದು ಬಾಕಿ ಇತ್ತಲ್ಲ. ಆರನೇದು. ಅವನು ಹೇಳಿದ್ದೇ ಸರಿ, ಯೋಚನೆಗೆ ಟೈಮ್ ಕೊಡುತ್ತೆ. ನಾನು ಹದಿಮೂರು ದಿನ ತಗೊಂಡೆ. ಜೇಬಲ್ಲಿ ಸೀಮೆಸುಣ್ಣದ ತುಂಡು ಇದೆ, ಯಾಕೆ ತಂದ್ನೋ—

"ಭಾವ, ಎಲ್ಲಿದೀರಿ? ಇವರು ಸಹಿ ಹಾಕ್ತಿದಾರೆ, ಸಾಕ್ಷಿಗೆ ನಿಮ್ಮನ್ನ ಕರೀತಿದಾರೆ."

ಬಂದೆನಮ್ಮ. ಪೆನ್ನು ಅವನ ಕೈಯಿಂದ ತಗೋ ಮೊದಲು. ತಗೊಂಡು ನನಗೆ ಕೊಡು, ಆ ಗೆರೆ ನಂದು—